ಎಂಟು ದಿನಕ್ಕೊಂದು ಫೋಟಾನ್: ಕಪ್ಪುಕುಳಿಗಳ ಹಸಿವನ್ನು ನಾನು ಅಳೆದ ಬಗೆ

ಮೊದಲ ಗ್ರಾಫ್ ತೆರೆದಾಗ ಅದರಲ್ಲಿ ಏನೂ ಇರಲಿಲ್ಲ. ಅಂದರೆ ಚುಕ್ಕೆಗಳಿದ್ದವು, ಬೇಕಾದಷ್ಟಿದ್ದವು. ಆದರೆ ಚೆಲ್ಲಿದ ಸಾಸಿವೆಯ ಹಾಗೆ ಎಲ್ಲೆಂದರಲ್ಲಿ ಬಿದ್ದಿದ್ದವು. ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ಎಷ್ಟು ಜೋರಾಗಿ ಬೆಳಗುತ್ತಿದೆ ಎನ್ನುವುದನ್ನು ಅಡ್ಡಗೆರೆಯಲ್ಲಿ ಇಟ್ಟಿದ್ದೆ. ಅದೇ ಗ್ಯಾಲಕ್ಸಿಯಲ್ಲಿ ವರ್ಷಕ್ಕೆ ಎಷ್ಟು ಸೂರ್ಯರಷ್ಟು ಅನಿಲ ನಕ್ಷತ್ರಗಳಾಗುತ್ತಿದೆ ಎನ್ನುವುದನ್ನು ಉದ್ದಗೆರೆಯಲ್ಲಿ. ಎರಡೂ ಒಟ್ಟಿಗೆ ಏರಬೇಕು ಎಂದು ನಂಬಿಕೊಂಡು ಕೂತಿದ್ದೆ. ಗ್ರಾಫ್ ನೋಡಿದರೆ ನೆಲದ ಹಾಗೆ ಸಪಾಟು.

ಮೂರು ತಿಂಗಳ ಕೆಲಸ ಅದು. ಕೋಡ್‌ನಲ್ಲಿ ಎಲ್ಲೋ ಎಡವಟ್ಟಾಗಿದೆ ಅಂದುಕೊಂಡೆ. ಎಡವಟ್ಟೂ ಆಗಿತ್ತು, ಅದನ್ನು ಆಮೇಲೆ ಹೇಳುತ್ತೇನೆ. ಆದರೆ ಗ್ರಾಫ್ ಸಪಾಟಾಗಿದ್ದಕ್ಕೆ ಕಾರಣ ಅದಲ್ಲ. ನಾನು ಕೇಳಿದ ಪ್ರಶ್ನೆಯೇ ತಿರುಗುಮುರುಗಾಗಿತ್ತು.

ಎರಡೂ ಒಟ್ಟಿಗೆ ಏರಬೇಕು ಎಂದು ನಂಬಲು ಕಾರಣಗಳಿದ್ದವು. ಹೆಚ್ಚು ಕಡಿಮೆ ಎಲ್ಲ ದೊಡ್ಡ ಗ್ಯಾಲಕ್ಸಿಗಳ ನಡುವೆಯೂ ಒಂದು ದೈತ್ಯ ಕಪ್ಪುಕುಳಿ ಇದೆ. ನಮ್ಮ ಕ್ಷೀರಪಥದ್ದು ಸೂರ್ಯನ ಸುಮಾರು 43 ಲಕ್ಷ ಪಟ್ಟು ತೂಗುತ್ತದೆ. 2019ರಲ್ಲಿ ಚಿತ್ರ ಬಂತಲ್ಲ, ಆ ಎಂ87 ಗ್ಯಾಲಕ್ಸಿಯದ್ದು 650 ಕೋಟಿ ಪಟ್ಟು. 2000ನೇ ಇಸವಿಯಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಒಂದೇ ಸಂಗತಿಯನ್ನು ಹೇಳಿದವು. ಗ್ಯಾಲಕ್ಸಿಯ ನಡುವೆ ನಕ್ಷತ್ರಗಳು ಗುಂಪುಗೂಡಿದ ಉಬ್ಬು ಇರುತ್ತದೆ. ಅಲ್ಲಿನ ನಕ್ಷತ್ರಗಳು ಎಷ್ಟು ವೇಗದಲ್ಲಿ ಅತ್ತಿತ್ತ ಓಡಾಡುತ್ತವೆ ಎಂದು ಗೊತ್ತಾದರೆ ಕಪ್ಪುಕುಳಿಯ ತೂಕವನ್ನು ಹೆಚ್ಚು ಕಡಿಮೆ ಸರಿಯಾಗಿ ಹೇಳಬಹುದು.

ಇದರಲ್ಲೇನು ವಿಶೇಷ ಅಂತೀರಾ? ಆ ನಕ್ಷತ್ರಗಳಲ್ಲಿ ಬಹುಪಾಲು ಕಪ್ಪುಕುಳಿಯಿಂದ ಎಷ್ಟು ದೂರ ಇವೆ ಎಂದರೆ ಅದರ ಸೆಳೆತ ಅವಕ್ಕೆ ತಾಕುವುದೇ ಇಲ್ಲ. ಸೂರ್ಯನ 10 ಕೋಟಿ ಪಟ್ಟು ತೂಕದ ಕಪ್ಪುಕುಳಿಯನ್ನು ಅದರ ಗ್ಯಾಲಕ್ಸಿಯ ಪಕ್ಕ ಇಟ್ಟರೆ, ಭೂಮಿಯ ಪಕ್ಕ ಒಂದು ಸಣ್ಣ ನಾಣ್ಯ ಇಟ್ಟ ಹಾಗೆ. ನಾಣ್ಯಕ್ಕೆ ಭೂಮಿಯ ಸುದ್ದಿ ಹೇಗೆ ಗೊತ್ತು? ಭೂಮಿಗೆ ನಾಣ್ಯದ ಸುದ್ದಿ ಹೇಗೆ ಗೊತ್ತು?

ಇನ್ನೊಂದು ಸಂಗತಿಯೂ ಇತ್ತು. ವಿಶ್ವದಲ್ಲಿ ನಕ್ಷತ್ರಗಳು ಅತಿ ಹೆಚ್ಚು ಹುಟ್ಟಿದ್ದು ಸುಮಾರು 1,000 ಕೋಟಿ ವರ್ಷಗಳ ಹಿಂದೆ. ಅಲ್ಲಿಂದ ಇಲ್ಲಿಗೆ ಆ ವೇಗ ಹತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿದಿದೆ. ಕಪ್ಪುಕುಳಿಗಳೆಲ್ಲ ಸೇರಿ ನುಂಗಿದ ಅನಿಲದ ಲೆಕ್ಕ ಹಾಕಿದರೂ ಏರು ಇಳಿತ ಸರಿಸುಮಾರು ಅದೇ. ಎರಡು ಗೆರೆಗಳನ್ನು ಒಂದರ ಮೇಲೊಂದು ಇಟ್ಟರೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಹಾಗಿದ್ದರೆ ಒಂದೊಂದೇ ಗ್ಯಾಲಕ್ಸಿಯಲ್ಲಿ ಹುಡುಕಿದರೂ ಇದು ಸಿಗಬೇಕಲ್ವಾ? ಹಾಗಂದುಕೊಂಡೇ ಶುರು ಮಾಡಿದ್ದೆ.

ನಾನು ಆರಿಸಿಕೊಂಡದ್ದು ದಕ್ಷಿಣ ಆಕಾಶದ ಫೋರ್ನಾಕ್ಸ್ ನಕ್ಷತ್ರಪುಂಜದ ಕಡೆಗಿರುವ ಒಂದು ಪುಟ್ಟ ತುಣುಕು. ಹುಣ್ಣಿಮೆ ಚಂದ್ರ ಹಿಡಿಸುವಷ್ಟೂ ಜಾಗ ಅಲ್ಲ. ನಾಸಾದ ಚಂದ್ರಾ ಎಕ್ಸ್‌-ರೇ ದೂರದರ್ಶಕ ಈ ತುಣುಕನ್ನು ಹಲವು ವರ್ಷಗಳಲ್ಲಿ ಬಿಟ್ಟು ಬಿಟ್ಟು ಒಟ್ಟು 70 ಲಕ್ಷ ಸೆಕೆಂಡ್ ನೋಡಿದೆ. ಅಂದರೆ ಸುಮಾರು 81 ದಿನ. ಸಾವಿರದಷ್ಟು ಎಕ್ಸ್‌-ರೇ ಮೂಲಗಳು ಅಲ್ಲಿ ಸಿಕ್ಕಿವೆ, ಹೆಚ್ಚಿನವು ಅನಿಲ ನುಂಗುತ್ತಿರುವ ಕಪ್ಪುಕುಳಿಗಳು. ಇದೇ ತುಣುಕನ್ನು ಹಬಲ್ ನೋಡಿದೆ, ಅವಕೆಂಪು ಬೆಳಕು ಹಿಡಿಯುವ ಬಾಹ್ಯಾಕಾಶ ದೂರದರ್ಶಕಗಳಾದ ಸ್ಪಿಟ್ಜರ್, ಹರ್ಷೆಲ್ ಕೂಡ ನೋಡಿವೆ. ಡೇಟಾ ಎಲ್ಲ ಎಲ್ಲರಿಗೂ ಮುಕ್ತ. ಯಾರು ಬೇಕಾದರೂ ಇಳಿಸಿಕೊಂಡು ಕೂರಬಹುದು. ಸಹನೆ ಒಂದು ಜಾಸ್ತಿ ಬೇಕು, ಅಷ್ಟೆ.

ಕಪ್ಪುಕುಳಿ ತಾನಾಗಿ ಬೆಳಗುವುದಿಲ್ಲ. ಅದರೊಳಕ್ಕೆ ಸುತ್ತುತ್ತಾ ಬೀಳುವ ಅನಿಲ ಕಾದು ಬೆಳಗುತ್ತದೆ. ಬೀಳುವ ದ್ರವ್ಯದ ಸುಮಾರು 10 ಶೇಕಡಾ ಬೆಳಕಾಗಿ ಹೊರಗೆ ಬರುತ್ತದೆ, ಉಳಿದದ್ದು ಒಳಗೆ ಹೋಗುತ್ತದೆ ಎಂದು ಸಾಮಾನ್ಯವಾಗಿ ಹಿಡಿಯುತ್ತೇವೆ. ಹಾಗಾಗಿ ಬೆಳಕು ಅಳೆದರೆ ಊಟ ಅಳೆದ ಹಾಗೆ. ಸೂರ್ಯನ 26,000 ಕೋಟಿ ಪಟ್ಟು ಬೆಳಗುವ ಕಪ್ಪುಕುಳಿ ವರ್ಷಕ್ಕೆ ನುಂಗುವುದು ಸೂರ್ಯನ ಆರನೇ ಒಂದು ಪಾಲಿನಷ್ಟು ಮಾತ್ರ. ಮೊದಲ ಸಲ ಈ ಲೆಕ್ಕ ಮಾಡಿದಾಗ ಸೊನ್ನೆ ತಪ್ಪಿರಬೇಕು ಎಂದು ಮತ್ತೆ ಮಾಡಿದ್ದೆ. ತಪ್ಪಿರಲಿಲ್ಲ.

ನಕ್ಷತ್ರ ಹುಟ್ಟುವ ವೇಗ ಅಳೆಯುವುದು ಇನ್ನೊಂದು ತಲೆನೋವು. ಹೊಸ ದೊಡ್ಡ ನಕ್ಷತ್ರಗಳು ಅತಿನೇರಳೆಯಲ್ಲಿ ಹೊಳೆಯುತ್ತವೆ. ಸುತ್ತಲಿನ ದೂಳು ಆ ಬೆಳಕನ್ನು ಕುಡಿದು ಬೆಚ್ಚಗಾಗಿ ಅವಕೆಂಪಿನಲ್ಲಿ ಹೊರಗೆ ಬಿಡುತ್ತದೆ. ಎರಡನ್ನೂ ಸೇರಿಸಿದರೆ ಲೆಕ್ಕ ಸಿಗುತ್ತದೆ. ಆದರೆ ಕಪ್ಪುಕುಳಿಯ ಬೆಳಕೂ ಅದೇ ದೂಳನ್ನು ಕಾಯಿಸುತ್ತದೆ! ಯಾವ ಬಿಸಿ ಯಾರದ್ದು ಎಂದು ಬಿಡಿಸಬೇಕು. ಹರ್ಷೆಲ್ ಚಿತ್ರದಲ್ಲಿ ಹಬಲ್‌ನ ನಾಲ್ಕೈದು ಗ್ಯಾಲಕ್ಸಿಗಳು ಕಲೆತು ಒಂದೇ ಮಸುಕು ಗುಂಡಾಗಿರುತ್ತವೆ, ಅದನ್ನೂ ಬಿಡಿಸಬೇಕು. ಈ ಭಾಗದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕಂಪ್ಯೂಟರ್ ರಾತ್ರಿಯೆಲ್ಲ ಓಡುತ್ತದೆ, ಬೆಳಿಗ್ಗೆ ಎದ್ದು ನೋಡಿದರೆ ಅರ್ಧದಷ್ಟು ಗ್ಯಾಲಕ್ಸಿಗಳಿಗೆ ಅರ್ಥವಿಲ್ಲದ ಉತ್ತರ ಬಂದಿರುತ್ತದೆ. ಸರಿ ಮಾಡಿ ಮತ್ತೆ ಓಡಿಸುವುದು. ಇಷ್ಟೇ.

ಹೀಗೆ ಬಂದದ್ದು ಆ ಸಪಾಟು ಗ್ರಾಫ್.

ನನಗಿಂತ ಅನುಭವ ಇದ್ದವರೊಬ್ಬರಿಗೆ ತೋರಿಸಿದೆ. ಅವರು ಗ್ರಾಫನ್ನು ಸರಿಯಾಗಿ ನೋಡಲೂ ಇಲ್ಲ. "ಈ ಗ್ಯಾಲಕ್ಸಿಗಳನ್ನು ಹೇಗೆ ಆರಿಸಿದೆ?" ಎಂದಷ್ಟೇ ಕೇಳಿದರು. ಎಕ್ಸ್‌-ರೇಯಲ್ಲಿ ಕಂಡವನ್ನು ಆರಿಸಿದೆ ಎಂದೆ. "ಕಾಣದವು ಏನು ಪಾಪ ಮಾಡಿದ್ದವು?" ಎಂದರು.

ಆ ಮಾತು ಅರ್ಥವಾಗಲು ನನಗೆ ವಾರ ಹಿಡಿಯಿತು. ಅರ್ಥ ಮಾಡಿಸಿದ್ದು ಒಂದು ಹಸಿರು ಮೋಡ. 2007ರಲ್ಲಿ ಹ್ಯಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ, ಸಾರ್ವಜನಿಕರು ಗ್ಯಾಲಕ್ಸಿಗಳನ್ನು ವಿಂಗಡಿಸುವ ಗ್ಯಾಲಕ್ಸಿ ಝೂ ಯೋಜನೆಯಲ್ಲಿ ಚಿತ್ರ ನೋಡುತ್ತಿದ್ದರು. ಐಸಿ 2497 ಎಂಬ ಗ್ಯಾಲಕ್ಸಿಯ ಕೆಳಗೆ ಒಂದು ವಿಚಿತ್ರ ಮೋಡ ಕಂಡಿತು. ಇದೇನು ಎಂದು ಕೇಳಿದರು. ಮೋಡದ ಅನಿಲ ಬೆಳಗುವ ರೀತಿ ನೋಡಿದರೆ ಅದರ ಮೇಲೆ ಅನಿಲ ನುಂಗುತ್ತಾ ಅತಿ ಜೋರಾಗಿ ಬೆಳಗುವ ಕಪ್ಪುಕುಳಿಯ, ಅಂದರೆ ಒಂದು ಕ್ವೇಸಾರ್‌ನ ಬೆಳಕು ಬೀಳುತ್ತಿರಬೇಕು. ಪಕ್ಕದ ಗ್ಯಾಲಕ್ಸಿಯ ನಡುವೆ ಹುಡುಕಿದರೆ ಅಂಥ ಕ್ವೇಸಾರ್ ಇಲ್ಲ! ಇತ್ತು, ಕಳೆದ ಒಂದೆರಡು ಲಕ್ಷ ವರ್ಷದೊಳಗೆ ಮಂಕಾಗಿಹೋಗಿದೆ. ಅದು ಜೋರಾಗಿದ್ದಾಗ ಹೊರಟ ಬೆಳಕು ದೂರದ ಮೋಡವನ್ನು ತಡವಾಗಿ ಮುಟ್ಟಿ ನಮ್ಮ ಕಡೆಗೆ ಬಂದಿದೆ. ದೀಪ ಆರಿದ ಮೇಲೂ ಗೋಡೆ ಬೆಳಗುತ್ತಿದೆ ಎನ್ನಿ.

ಒಂದೆರಡು ಲಕ್ಷ ವರ್ಷ ಎಂದರೆ ಗ್ಯಾಲಕ್ಸಿಯ ಬದುಕಿನಲ್ಲಿ ಕಣ್ಣು ಮಿಟುಕಿಸಿದಷ್ಟು ಹೊತ್ತು. ಕಪ್ಪುಕುಳಿಗಳು ಹೀಗೆ ಹೊತ್ತಿಕೊಳ್ಳುತ್ತವೆ, ಆರುತ್ತವೆ, ಮತ್ತೆ ಹೊತ್ತಿಕೊಳ್ಳುತ್ತವೆ. ನಕ್ಷತ್ರ ಹುಟ್ಟುವುದು ಅಷ್ಟು ಬೇಗ ಬದಲಾಗುವ ಕೆಲಸ ಅಲ್ಲ. ಅವಕೆಂಪಿನಲ್ಲಿ ನಾನು ಅಳೆದದ್ದು ಸುಮಾರು 10 ಕೋಟಿ ವರ್ಷಗಳ ಸರಾಸರಿ. ಒಂದು ಕಡೆ ಕ್ಷಣದ ಲೆಕ್ಕ, ಇನ್ನೊಂದು ಕಡೆ ಯುಗದ ಲೆಕ್ಕ. ಎರಡನ್ನೂ ಒಂದೇ ಗ್ರಾಫಿನಲ್ಲಿ ಎದುರುಬದುರು ಕೂರಿಸಿದ್ದೆ. ಸಾವಿರ ಜನರ ಫೋಟೊ ತೆಗೆದು, ಆ ಹೊತ್ತಿಗೆ ಯಾರ ಬಾಯಲ್ಲಿ ತುತ್ತಿದೆಯೋ ಅವರೇ ದಪ್ಪಗಿದ್ದಾರಾ ಎಂದು ನೋಡಿದ ಹಾಗೆ ಆಗಿತ್ತು ನನ್ನ ಕೆಲಸ.

ಹಾಗಾದರೆ ಪ್ರಶ್ನೆ ತಿರುಗಿಸಬೇಕು. ಮೆಲ್ಲಗೆ ಬದಲಾಗುವುದನ್ನು ಹಿಡಿದು ಗುಂಪು ಮಾಡಬೇಕು. ವೇಗವಾಗಿ ಮಿಣುಕುವುದರ ಸರಾಸರಿ ತೆಗೆಯಬೇಕು. ಅಂದರೆ ನಕ್ಷತ್ರ ಹುಟ್ಟುವ ವೇಗ ಒಂದೇ ತೆರನಾಗಿರುವ ಗ್ಯಾಲಕ್ಸಿಗಳನ್ನೆಲ್ಲ ಒಂದು ಕಡೆ ಹಾಕುವುದು. ಎಕ್ಸ್‌-ರೇಯಲ್ಲಿ ಕಂಡವು, ಕಾಣದವು, ಎಲ್ಲವನ್ನೂ. ಆಮೇಲೆ ಇಡೀ ಗುಂಪಿನ ಸರಾಸರಿ ಎಕ್ಸ್‌-ರೇ ಎಷ್ಟು ಎಂದು ಕೇಳುವುದು. ಹಲವು ಗ್ಯಾಲಕ್ಸಿಗಳ ಈ ಹೊತ್ತಿನ ಸರಾಸರಿ, ಒಂದು ಗ್ಯಾಲಕ್ಸಿಯ ಬಹುಕಾಲದ ಸರಾಸರಿಗೆ ಸಮ ಎಂದು ಹಿಡಿಯುವುದು. 2012ರಲ್ಲೇ ಒಂದು ತಂಡ ಆಕಾಶದ ಇದೇ ತುಣುಕಿನಲ್ಲಿ ಇದನ್ನು ಮಾಡಿತ್ತು. ಮಿಣುಕಾಟದಿಂದ ಸಂಬಂಧ ಹೇಗೆ ಮರೆಯಾಗುತ್ತದೆ ಎಂದು 2014ರಲ್ಲಿ ರಯನ್ ಹಿಕಾಕ್ಸ್ ಮತ್ತು ಜೊತೆಗಾರರು ಚೆನ್ನಾಗಿ ಬಿಡಿಸಿ ಹೇಳಿದ್ದರು. ನಾನು ಹೊಸದೇನೂ ಕಂಡುಹಿಡಿಯಲಿಲ್ಲ. ಓದಿದ್ದೆ, ಆದರೆ ಕೈ ಸುಟ್ಟುಕೊಳ್ಳುವವರೆಗೂ ತಲೆಗೆ ಹೋಗಿರಲಿಲ್ಲ.

ಕಾಣದ ಗ್ಯಾಲಕ್ಸಿಯಿಂದ ಎಕ್ಸ್‌-ರೇ ಅಳೆಯುವುದು ಹೇಗೆ? ಇದಕ್ಕೆ ಸ್ಟ್ಯಾಕಿಂಗ್ ಎನ್ನುತ್ತೇವೆ. ಸರಳವಾಗಿದೆ, ಸ್ವಲ್ಪ ಮಜವೂ ಇದೆ. ಎಕ್ಸ್‌-ರೇ ಚಿತ್ರದಲ್ಲಿ ಪ್ರತಿ ಫೋಟಾನ್, ಅಂದರೆ ಬೆಳಕಿನ ಒಂದೊಂದು ಕಣ, ಒಂದು ಎಣಿಕೆ. 81 ದಿನಗಳಲ್ಲಿ 10 ಫೋಟಾನ್ ಬಂದರೆ ಎಂಟು ದಿನಕ್ಕೊಂದು. ಅಷ್ಟು ಮಂಕಾದ ಮೂಲವನ್ನೂ ಚಿತ್ರದ ನಟ್ಟನಡುವೆ ಇದ್ದರೆ ಹಿಡಿಯಬಹುದು. ಅದಕ್ಕಿಂತ ಮಂಕಾದರೆ ಹಿನ್ನೆಲೆಯಲ್ಲಿ ಮುಳುಗುತ್ತದೆ. ಒಂದು ಗ್ಯಾಲಕ್ಸಿಯ ಜಾಗದಲ್ಲಿ ಪುಟ್ಟ ವೃತ್ತ ಎಳೆದು ಎಣಿಸುತ್ತೇನೆ: 4. ಮುಂದಿನದು: 2. ಆಮೇಲೆ 6, 3, 5. ಹಿನ್ನೆಲೆಯಿಂದಲೇ ಸುಮಾರು 4 ಬರಬೇಕು. ಹಾಗಾಗಿ ಒಂದೊಂದೇ ನೋಡಿದರೆ ಈ ಅಂಕಿಗಳಿಗೆ ಏನೂ ಅರ್ಥವಿಲ್ಲ. ಆದರೆ ನೂರಾರು ಗ್ಯಾಲಕ್ಸಿಗಳ ತುಣುಕು ಚಿತ್ರಗಳನ್ನು ಕತ್ತರಿಸಿ, ನಡುವಿಗೆ ನಡು ಸರಿಹೊಂದಿಸಿ, ಒಂದರ ಮೇಲೊಂದು ಪೇರಿಸಿದರೆ ಮೆಲ್ಲಗೆ ನಡುವೆ ಒಂದು ಚುಕ್ಕೆ ಮೂಡುತ್ತದೆ. ಆ ಚುಕ್ಕೆ ಯಾವ ಒಂದು ಗ್ಯಾಲಕ್ಸಿಯದ್ದೂ ಅಲ್ಲ. ಎಲ್ಲರದ್ದೂ.

ಮೊದಲ ಸಲ ಚುಕ್ಕೆ ಮೂಡಿದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ. ಸಂಭ್ರಮ ಸಂಜೆವರೆಗೂ ಉಳಿಯಲಿಲ್ಲ.

ಸ್ಟ್ಯಾಕಿಂಗ್ ಮಾಡುವವರು ಒಂದು ಪರೀಕ್ಷೆ ಮಾಡಲೇಬೇಕು. ಎಲ್ಲ ಗ್ಯಾಲಕ್ಸಿಗಳ ಸ್ಥಾನವನ್ನೂ ಸುಮ್ನೆ ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೆ ಪೇರಿಸುವುದು. ಈಗ ವೃತ್ತಗಳು ಖಾಲಿ ಆಕಾಶದ ಮೇಲಿರುತ್ತವೆ. ಹಿನ್ನೆಲೆ ಕಳೆದರೆ ಸೊನ್ನೆ ಬರಬೇಕು. ನನಗೆ ಸೊನ್ನೆ ಬರಲಿಲ್ಲ. ಖಾಲಿ ಜಾಗದಿಂದಲೂ ಎಕ್ಸ್‌-ರೇ ಬರುತ್ತಿತ್ತು!

ಎರಡು ವಾರ ಹುಡುಕಿದೆ. ತಪ್ಪು ಕೊನೆಗೆ ಒಂದೇ ಸಾಲಿನಲ್ಲಿತ್ತು. ಹಿನ್ನೆಲೆ ಅಳೆಯುವಾಗ ಪ್ರಕಾಶಮಾನ ಮೂಲಗಳನ್ನು ಮುಚ್ಚಿದ ಚಿತ್ರ ಬಳಸಿದ್ದೆ. ಗ್ಯಾಲಕ್ಸಿಗಳ ಎಣಿಕೆಗೆ ಮಾತ್ರ ಮುಚ್ಚದ ಚಿತ್ರ. ಪಕ್ಕದ ಮನೆಯ ದೀಪದ ಬೆಳಕೆಲ್ಲ ನಮ್ಮ ಮನೆಯ ಲೆಕ್ಕಕ್ಕೆ ಸೇರುತ್ತಿತ್ತು. ಚಂದ್ರಾ ದೂರದರ್ಶಕದ ಚಿತ್ರ ನಡುವೆ ಬಹಳ ಚೂಪು, ಅಂಚಿಗೆ ಹೋದಂತೆ ಚುಕ್ಕೆಗಳು ಹರಡಿಕೊಂಡು ದೊಡ್ಡದಾಗುತ್ತವೆ. ಹಾಗಾಗಿ ಅಂಚಿನಲ್ಲಿ ಈ ಸೋರಿಕೆ ಇನ್ನೂ ಜಾಸ್ತಿ. ಪ್ರಕಾಶಮಾನ ಮೂಲಗಳ ಹತ್ತಿರ ಇದ್ದ ಗ್ಯಾಲಕ್ಸಿಗಳನ್ನು ಕೈಬಿಟ್ಟೆ, ತೀರಾ ಅಂಚಿನವನ್ನೂ ಬಿಟ್ಟೆ. ಚುಕ್ಕೆ ಮಂಕಾಯಿತು, ಆದರೆ ಉಳಿಯಿತು. ಪಕ್ಕಕ್ಕೆ ಸರಿಸಿದ ಪರೀಕ್ಷೆಯಲ್ಲಿ ಸೊನ್ನೆ ಬಂತು. ಅಂದಿನಿಂದ ಯಾರಾದರೂ ಸ್ಟ್ಯಾಕಿಂಗ್ ಫಲಿತಾಂಶ ತೋರಿಸಿದರೆ ಮೊದಲು ಖಾಲಿ ಆಕಾಶದ ಫಲಿತಾಂಶ ತೋರಿಸಿ ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ.

ಎರಡನೇ ಗುಂಡಿ ಇನ್ನೂ ಆಳದ್ದು. ಎಕ್ಸ್‌-ರೇ ಬರುವುದು ದೈತ್ಯ ಕಪ್ಪುಕುಳಿಯಿಂದ ಮಾತ್ರ ಅಲ್ಲ. ಸತ್ತ ನಕ್ಷತ್ರವೊಂದು ತನ್ನ ಜೊತೆಗಾರ ನಕ್ಷತ್ರದ ಅನಿಲ ಹೀರುವ ಜೋಡಿಗಳಿರುತ್ತವೆ, ಅವೂ ಎಕ್ಸ್‌-ರೇ ಬಿಡುತ್ತವೆ. ನಕ್ಷತ್ರ ಜಾಸ್ತಿ ಹುಟ್ಟುವ ಕಡೆ ಇಂಥ ಜೋಡಿಗಳೂ ಜಾಸ್ತಿ. ಅಂದರೆ ನಾನು ಹುಡುಕುತ್ತಿದ್ದ ಸಂಬಂಧವನ್ನೇ ಇವು ಸುಳ್ಳಾಗಿ ಕಟ್ಟಿಕೊಡುತ್ತವೆ! ನಕ್ಷತ್ರ ಹುಟ್ಟುವ ವೇಗ ಮತ್ತು ಗ್ಯಾಲಕ್ಸಿಯ ಒಟ್ಟು ತೂಕ ಗೊತ್ತಿದ್ದರೆ ಇವುಗಳ ಪಾಲನ್ನು ಅಂದಾಜು ಮಾಡಿ ಕಳೆಯಬಹುದು. ಕಳೆದೆ. ಹಗುರ ಗ್ಯಾಲಕ್ಸಿಗಳ ರಾಶಿಯಲ್ಲಿ ಚುಕ್ಕೆಯ ದೊಡ್ಡ ಪಾಲು ಇವುಗಳದ್ದೇ ಆಗಿತ್ತು. ಭಾರದ ಗ್ಯಾಲಕ್ಸಿಗಳಲ್ಲಿ ಕಳೆದ ಮೇಲೂ ಬೇಕಾದಷ್ಟು ಉಳಿಯಿತು.

ಮಧ್ಯಾಂಕ (ಅಂಕಿಗಳನ್ನು ಸಾಲಾಗಿ ಇಟ್ಟರೆ ನಟ್ಟನಡುವೆ ಬರುವುದು) ತೆಗೆಯಬೇಕೋ ಸರಾಸರಿಯೋ ಎಂದೂ ತಲೆಕೆಡಿಸಿಕೊಂಡೆ. ಒಂದೇ ಒಂದು ಪ್ರಚಂಡ ಕ್ವೇಸಾರ್ ಇಡೀ ಗುಂಪಿನ ಸರಾಸರಿಯನ್ನು ಮೇಲಕ್ಕೆ ಎಳೆದುಬಿಡುತ್ತದೆ. ಬೇರೆ ಯಾವ ಕೆಲಸದಲ್ಲಾದರೂ ಅಂಥದ್ದನ್ನು ಹೊರಗಿಟ್ಟು ಮಧ್ಯಾಂಕ ಹಿಡಿಯುತ್ತಿದ್ದೆ. ಇಲ್ಲಿ ಹಾಗೆ ಮಾಡಿದರೆ ಮೋಸ. ಕಪ್ಪುಕುಳಿಗಳು ತಮ್ಮ ತೂಕದ ಬಹುಪಾಲನ್ನು ಗಳಿಸುವುದೇ ಅಂಥ ಅಪರೂಪದ ಅಬ್ಬರದಲ್ಲಿ. ಹಾಗಾಗಿ ಸರಾಸರಿಯನ್ನೇ ಇಟ್ಟುಕೊಂಡೆ. ಗುಂಪಿನಿಂದ ಗ್ಯಾಲಕ್ಸಿಗಳನ್ನು ಬೇಕಾಬಿಟ್ಟಿ ಆರಿಸಿ, ಆರಿಸಿ, ಸಾವಿರ ಸಲ ಸರಾಸರಿ ತೆಗೆದು, ಅದು ಎಷ್ಟು ಅಲುಗಾಡುತ್ತದೆ ನೋಡಿದೆ. ಜಾಸ್ತಿಯೇ ಅಲುಗಾಡಿತು. ಅದನ್ನು ಮುಚ್ಚಿಡದೆ ಉದ್ದುದ್ದ ದೋಷಗೆರೆಗಳಾಗಿ ಹಾಕಿದೆ.

ಈಗ ಬಂದ ಗ್ರಾಫ್ ಸಪಾಟಾಗಿರಲಿಲ್ಲ. ನಕ್ಷತ್ರ ಹುಟ್ಟುವ ವೇಗ ಏರಿದಂತೆ ಕಪ್ಪುಕುಳಿಯ ಸರಾಸರಿ ಊಟವೂ ಏರಿತು. ಗ್ಯಾಲಕ್ಸಿಯಲ್ಲಿ ಸುಮಾರು ಸಾವಿರ ಸೂರ್ಯರಷ್ಟು ಅನಿಲ ನಕ್ಷತ್ರಗಳಾದರೆ, ಅದೇ ಹೊತ್ತಿನಲ್ಲಿ ಕಪ್ಪುಕುಳಿಗೆ ಸಿಗುವುದು ಒಂದು ಸೂರ್ಯನಷ್ಟು, ಹೆಚ್ಚು ಕಡಿಮೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಹಾಗೆ. ಆದರೆ ಇಂದು ನಮ್ಮ ಸುತ್ತಲಿನ ಗ್ಯಾಲಕ್ಸಿಗಳಲ್ಲಿ ಕಪ್ಪುಕುಳಿ ತೂಗುವುದು ಎಷ್ಟು? ನಡುವಿನ ಉಬ್ಬಿನ ತೂಕದಲ್ಲಿ ಸಾವಿರಕ್ಕೆ ಒಂದರಿಂದ ಐದು ಪಾಲು. ನಾನು ಪೇರಿಸಿದ ದೂರದ ಗ್ಯಾಲಕ್ಸಿಗಳ ಬೆಳಕು ಬಹಳ ಹಿಂದೆ ಹೊರಟದ್ದು; ಸುಮಾರು 1,000 ಕೋಟಿ ವರ್ಷಗಳ ಹಿಂದೆ ಹಂಚಿದ ಪಾಲು ಇವತ್ತಿನ ತಕ್ಕಡಿಯಲ್ಲಿ ಹೆಚ್ಚು ಕಡಿಮೆ ಸರಿಹೋಗುತ್ತಿದೆ. ಎಂಟು ದಿನಕ್ಕೊಂದು ಫೋಟಾನ್ ಎಣಿಸಿ ಇಲ್ಲಿಗೆ ಬಂದಿದ್ದೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಒಂದು ಅನುಮಾನ ಬಿಡಲಿಲ್ಲ. ಭಾರದ ಗ್ಯಾಲಕ್ಸಿಗಳಲ್ಲಿ ನಕ್ಷತ್ರಗಳು ಹೇಗೂ ಹೆಚ್ಚು ವೇಗವಾಗಿ ಹುಟ್ಟುತ್ತವೆ, ಇದು 2007ರಿಂದ ಚೆನ್ನಾಗಿ ಗೊತ್ತಿದೆ. ಹಾಗಿದ್ದರೆ ನಾನು ಕಂಡದ್ದು ತೂಕದ ಆಟ ಮಾತ್ರವೇ? ಮತ್ತೆ ಗುಂಪು ಮಾಡಿದೆ. ತೂಕ ಒಂದೇ ಇಟ್ಟು ನಕ್ಷತ್ರ ಹುಟ್ಟುವ ವೇಗ ಬದಲಿಸಿದೆ, ಏರಿಕೆ ಸಣ್ಣದಾಯಿತು. ವೇಗ ಒಂದೇ ಇಟ್ಟು ತೂಕ ಬದಲಿಸಿದೆ, ಏರಿಕೆ ಗಟ್ಟಿಯಾಗಿ ನಿಂತಿತು. ಬೇರೆಯವರ ಫಲಿತಾಂಶಗಳೂ ಇದೇ ದಿಕ್ಕಿನಲ್ಲಿವೆ. ಅಂದರೆ ಕಪ್ಪುಕುಳಿಯೂ ನಕ್ಷತ್ರಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬೆಳೆಯುತ್ತಿರಬೇಕಿಲ್ಲ. ಇಬ್ಬರಿಗೂ ಒಂದೇ ಉಗ್ರಾಣದಿಂದ ಅನಿಲ ಬರುತ್ತಿರಬಹುದು. ಭಾರದ ಗ್ಯಾಲಕ್ಸಿಗೆ ಸೆಳೆತ ಜಾಸ್ತಿ, ಅನಿಲವನ್ನು ನಡುವಿನವರೆಗೂ ಎಳೆದು ತರುವುದು ಅದಕ್ಕೆ ಸುಲಭ.

ಉಗ್ರಾಣ ಖಾಲಿ ಮಾಡುವುದು ಯಾರು ಎನ್ನುವುದು ಬೇರೆಯದೇ ಜಗಳ. ಕಪ್ಪುಕುಳಿಯೇ ಕೊನೆಗೆ ಅನಿಲವನ್ನು ಕಾಯಿಸಿ, ಊದಿ, ನಕ್ಷತ್ರ ಹುಟ್ಟುವುದನ್ನು ನಿಲ್ಲಿಸುತ್ತದೆ ಎಂಬುದು ಚಾಲ್ತಿಯಲ್ಲಿರುವ ಮಾತು. ಶಕ್ತಿಯೇನೋ ಇದೆ. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಮಾಡಿ ನೋಡಿ. ಉಬ್ಬಿನ ತೂಕದ ಸಾವಿರದಲ್ಲಿ ಒಂದು ಪಾಲು ಕಪ್ಪುಕುಳಿ, ಅದರ ಹತ್ತನೇ ಒಂದು ಪಾಲು ಶಕ್ತಿಯಾಗಿ ಹೊರಬಂತು, ನಕ್ಷತ್ರಗಳ ವೇಗ ಸೆಕೆಂಡಿಗೆ 200 ಕಿಲೋಮೀಟರ್ ಎಂದು ಹಿಡಿಯಿರಿ. ಇಡೀ ಉಬ್ಬನ್ನು ಚದುರಿಸಲು ಬೇಕಾದ ಶಕ್ತಿಯ 200 ಪಟ್ಟು ಬರುತ್ತದೆ. ಪರ್ಸಿಯಸ್ ಗ್ಯಾಲಕ್ಸಿ ಗುಂಪಿನಲ್ಲಿ ಕಪ್ಪುಕುಳಿಯ ಚಿಮ್ಮುಗಳು ಬಿಸಿ ಅನಿಲದಲ್ಲಿ ಕೊರೆದ ದೊಡ್ಡ ಗುಳ್ಳೆಗಳು, ಅಲೆಗಳು ಚಂದ್ರಾ ಚಿತ್ರದಲ್ಲಿ ಕಣ್ಣಿಗೆ ಕಾಣುತ್ತವೆ. ಕಂಪ್ಯೂಟರ್‌ನಲ್ಲಿ ವಿಶ್ವ ಕಟ್ಟುವವರು ಈ ಕಾಯಿಸುವಿಕೆಯನ್ನು ಸೇರಿಸದಿದ್ದರೆ ಅವರ ದೊಡ್ಡ ಗ್ಯಾಲಕ್ಸಿಗಳು ನಕ್ಷತ್ರ ಹೆರುವುದನ್ನು ನಿಲ್ಲಿಸುವುದೇ ಇಲ್ಲ. ಇಷ್ಟೆಲ್ಲ ಇದ್ದರೂ ನನ್ನ ಗ್ರಾಫ್ ಈ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಜೋರಾಗಿ ಬೆಳಗುವ ಕಪ್ಪುಕುಳಿ ಇರುವ ಗ್ಯಾಲಕ್ಸಿಗಳಲ್ಲಿ ನಕ್ಷತ್ರ ಹುಟ್ಟುವುದು ಕಡಿಮೆಯಾಗಿದ್ದು ನನಗೆ ಕಾಣಲಿಲ್ಲ. ಕಾಣಬೇಕಿಲ್ಲ ಕೂಡ: ಹೊಡೆತ ಬಿದ್ದು ಪರಿಣಾಮ ಕಾಣುವ ಹೊತ್ತಿಗೆ ಹೊಡೆದವನು ಆರಿಹೋಗಿರುತ್ತಾನೆ. ಆದರೂ ನನ್ನಂಥದ್ದೇ ಗ್ರಾಫ್ ಹಾಕಿ, ಕೊನೆಯ ಪ್ಯಾರಾದಲ್ಲಿ "ಕಪ್ಪುಕುಳಿ ಗ್ಯಾಲಕ್ಸಿಯನ್ನು ಕೊಂದಿತು" ಎಂದು ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಇನ್ನೊಂದು ಸೋರಿಕೆ ನನ್ನ ಲೆಕ್ಕದಲ್ಲಿ ಉಳಿದೇ ಇದೆ. ಕೆಲವು ಕಪ್ಪುಕುಳಿಗಳು ಎಷ್ಟು ದಟ್ಟ ಅನಿಲದೊಳಗೆ ಹೂತಿರುತ್ತವೆ ಎಂದರೆ ಎಕ್ಸ್‌-ರೇ ಕೂಡ ಹೊರಗೆ ಬರುವುದಿಲ್ಲ. ಅವುಗಳ ಊಟ ನನ್ನ ಎಣಿಕೆಗೆ ಸಿಕ್ಕಿಲ್ಲ. ಹಾಗಾಗಿ ಸಾವಿರಕ್ಕೆ ಒಂದು ಎಂದದ್ದನ್ನು ಕನಿಷ್ಠ ಎಂದು ಓದಿಕೊಳ್ಳಿ.

2021ರ ಕೊನೆಯಲ್ಲಿ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಹಾರಿತು. ಒಂದೆರಡು ವರ್ಷದಲ್ಲಿ ನನ್ನ ಗ್ರಾಫಿನ ಚೌಕಟ್ಟು ಸಾಲದೆ ಬಂತು. 2023ರಲ್ಲಿ ವರದಿಯಾದ ಯುಎಚ್‌ಝಡ್1 ಎಂಬ ಗ್ಯಾಲಕ್ಸಿಯನ್ನು ನಾವು ನೋಡುತ್ತಿರುವುದು ಮಹಾಸ್ಫೋಟದ ನಂತರ ಬರೀ 47 ಕೋಟಿ ವರ್ಷಗಳಲ್ಲಿ ಇದ್ದ ಹಾಗೆ. ಅಲ್ಲಿಂದ ಎಕ್ಸ್‌-ರೇ ಬರುತ್ತಿದೆ. ಅಂದಾಜಿನ ಪ್ರಕಾರ ಅದರ ಕಪ್ಪುಕುಳಿ ಗ್ಯಾಲಕ್ಸಿಯ ಎಲ್ಲ ನಕ್ಷತ್ರಗಳ ಸರಿಸಮ ತೂಗುತ್ತದೆ. ಸಾವಿರಕ್ಕೆ ಒಂದಲ್ಲ, ಒಂದಕ್ಕೆ ಒಂದು! ಆ ಚುಕ್ಕೆ ಹಾಕಲು ಗ್ರಾಫಿನ ಗೆರೆಗಳನ್ನು ಉದ್ದ ಮಾಡಬೇಕಾಯಿತು. ಹಾಕುವಾಗ ಹಳೆಯ ಪ್ರಶ್ನೆ ಕಿವಿಯಲ್ಲಿ ಕೇಳಿಸಿತು. ಇದನ್ನು ಆರಿಸಿದ್ದು ಹೇಗೆ? ಎಕ್ಸ್‌-ರೇಯಲ್ಲಿ ಕಂಡಿತು, ಅದಕ್ಕೆ.

ಹಾಗಾಗಿ ಈಗ ಕಾಣದವುಗಳ ಹಿಂದೆ ಬಿದ್ದಿದ್ದೇನೆ. ವೆಬ್ ಚಿತ್ರಗಳಲ್ಲಿ ಪುಟ್ಟ ಕೆಂಪು ಚುಕ್ಕೆಗಳೆಂದು ಕರೆಯುವ ವಿಚಿತ್ರ ಗ್ಯಾಲಕ್ಸಿಗಳು ರಾಶಿ ರಾಶಿ ಸಿಕ್ಕಿವೆ. ಅವುಗಳ ವರ್ಣಪಟಲ ನೋಡಿದರೆ ಒಳಗೆ ಕಪ್ಪುಕುಳಿ ಇದ್ದ ಹಾಗಿದೆ. ಎಕ್ಸ್‌-ರೇಯಲ್ಲಿ ಹೆಚ್ಚಿನವು ಕಾಣುವುದಿಲ್ಲ. ಅದೇ ಹಳೆಯ ಕೋಡ್ ತೆಗೆದೆ. ಮುಚ್ಚಿದ ಚಿತ್ರವನ್ನೇ ಬಳಸುತ್ತಿದ್ದೇನಾ ಎಂದು ಮೂರು ಸಲ ನೋಡಿದೆ. ಫೋರ್ನಾಕ್ಸ್ ಕಡೆಯ ಅದೇ ತುಣುಕಿನಲ್ಲಿ ಇರುವ ಕೆಂಪು ಚುಕ್ಕೆಗಳನ್ನು ಒಂದರ ಮೇಲೊಂದು ಪೇರಿಸಿದೆ. ಖಾಲಿ ಆಕಾಶದ ಪರೀಕ್ಷೆಯಲ್ಲಿ ಸೊನ್ನೆ ಬಂತು. ಗ್ಯಾಲಕ್ಸಿಗಳ ಮೇಲೆ ಇಟ್ಟಾಗಲೂ ಸೊನ್ನೆಯೇ.